ಸಿಪ್ಪೆಗೂ ಸಂಸ್ಕಾರ ಬೇಕು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿಕೊಂಡರು. ಹಳೆಯ ನೆನಪುಗಳನ್ನು ಸೊಗಸಾಗಿ ಬರೆಯಬಲ್ಲವರು ಅನೇಕರಿದ್ದಾರೆ, ನಾನು ಒಂದು ಅಭಿಪ್ರಾಯವನ್ನು ಬರೆಯುತ್ತೇನೆ ಎಂದೆ. ವಿಷಯವೇನೆಂದು ವಿಚಾರಿಸಿದರು. ಅಡಿಕೆಯ ಸಿಪ್ಪೆ ಎಂದಾಗ ಅವರು ಪರಸ್ಪರ ಮುಖ ನೋಡಿಕೊಂಡರಾದರೂ ಹಳೆಯ ಮುಖ್ಯೋಪಾಧ್ಯಾಯನ ಮೇಲಿನ ಗೌರವದಿಂದ ಬೇಡವೆನ್ನಲಿಲ್ಲ.

ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಅಧ್ಯಾಪಕರ ತರಬೇತಿ ಮುಗಿಸಿ, 1975ರಲ್ಲಿ ಈ ಶಾಲೆ ಆರಂಭವಾದ ವರ್ಷವೇ ಇಲ್ಲಿ ಸೇರಿ, 2004ರಲ್ಲಿ ನಿವೃತ್ತನಾದವನು ನಾನು. ಪಾಲಿಮರ್ ವಿಜ್ಞಾನದಂತಹ ವಿಷಯದಲ್ಲಿ ಮಾತಾಡುವ ಅಧಿಕಾರ ನನಗೆ ಎಳ್ಳಷ್ಟೂ ಇಲ್ಲ. ಆದರೂ ಬರೆಯಲು ಹೊರಟದ್ದಕ್ಕೆ ಕಾರಣ, ಈ ವಿಷಯದಲ್ಲಿ ನಾನೊಂದು ತಪ್ಪನ್ನು ಮಾಡಿದ್ದೇನೆ. ಅದನ್ನು ಈ ಸಂಚಿಕೆಯಲ್ಲಿಯೇ ಒಪ್ಪಿಕೊಳ್ಳುವುದು ಯೋಗ್ಯವೆಂದು ತೋರಿತು.

1993ನೆಯ ಇಸವಿಯ ಮಾತು. ಶಾಲೆಯ ನೆರೆಯ ತೋಟಗಳಲ್ಲಿ ಸುಲಿದ ಚಾಲಿ ಅಡಿಕೆಯ ಸಿಪ್ಪೆ ನಮ್ಮ ಆಟದ ಬಯಲಿನ ಅಂಚಿನಲ್ಲಿ ರಾಶಿ ಬೀಳುತ್ತಿತ್ತು. ಶುಕ್ರವಾರದ ಶ್ರಮದಾನದಲ್ಲಿ ಮಕ್ಕಳು ಅದನ್ನು ಗುಡಿಸಿ ಒಟ್ಟುಗೂಡಿಸುತ್ತಿದ್ದರು, ನಾನು ಬೆಂಕಿ ಕೊಡುತ್ತಿದ್ದೆ. ಒಂದು ದಿನ ಆರನೆಯ ತರಗತಿಯ ಹುಡುಗಿಯೊಬ್ಬಳು, "ಮಾಷ್ಟ್ರೇ, ಸಿಪ್ಪೆಯನ್ನು ಸುಟ್ಟರೆ ಬೂದಿಯಲ್ಲದೆ ಬೇರೇನಾದರೂ ಸಿಗುತ್ತದೆಯೇ?" ಎಂದು ಕೇಳಿದಳು. "ಹೊಗೆ ಸಿಗುತ್ತದೆ" ಎಂದೆ. ಮಕ್ಕಳೆಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿ ಪೊರಕೆಯನ್ನು ಎತ್ತಿಕೊಂಡಳು. ವಿನೋದದ ಉತ್ತರವೆಂದು ನಾನು ಅಂದು ಹೆಮ್ಮೆಪಟ್ಟುಕೊಂಡಿರಲೂಬಹುದು. ಗೊತ್ತಿಲ್ಲ ಎನ್ನಬೇಕಾದಲ್ಲಿ ಗೇಲಿ ಮಾಡಿದೆನೆಂಬುದು ನನಗೆ ಅರಿವಾಗಲು ಬಹುಕಾಲ ಬೇಕಾಯಿತು.

ಆ ಹುಡುಗಿ ಇಂದು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕಿ. ಮೂರು ವರ್ಷಗಳ ಹಿಂದೆ ಊರಿಗೆ ಬಂದಿದ್ದಾಗ ನನ್ನನ್ನು ನೋಡಲು ಬಂದು, ಚೀಲದಿಂದ ಅಡಿಕೋಲಿನಷ್ಟು ಅಗಲದ ಎರಡು ಕಂದುಬಣ್ಣದ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಮಾಷ್ಟ್ರೇ, ಇದು ನಿಮ್ಮ ಹೊಗೆ" ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ಮಾತ್ರ ಮುಖ ಬಿಸಿಯಾಯಿತು.

ಎರಡು ಪಟ್ಟಿಗಳೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಅಡಿಕೆ ಸಿಪ್ಪೆಯ ನಾರು ಮತ್ತು ಹುಡಿಯನ್ನು ಬೆರೆಸಿ ಅಚ್ಚಿಗೆ ಹಾಕಿದವು. ನಮ್ಮ ಮನೆಗಳ ಬಾಲ್ದಿ, ಕುರ್ಚಿಗಳು ಆಗುವುದು ಇದೇ ಜಾತಿಯ ಪ್ಲಾಸ್ಟಿಕ್ಕಿನಿಂದ. ಹೊರನೋಟಕ್ಕೆ ಎರಡಕ್ಕೂ ವ್ಯತ್ಯಾಸವಿರಲಿಲ್ಲ. ಒಂದನ್ನು ಮುರಿಯಲು ಹೇಳಿದಳು. ಮುದುಕನ ಕೈಗೂ ಅದು ಲಟಕ್ಕೆಂದು ಮುರಿಯಿತು. ಇನ್ನೊಂದು ಮಣಿಯಲಿಲ್ಲ, ಕೊನೆಗೆ ಅವಳೇ ಅದನ್ನು ಮೆಟ್ಟಿಲಿನ ಅಂಚಿಗೆ ಒತ್ತಿ ಮುರಿದಳು. ಅನಂತರ ನನ್ನ ಭೂತಗನ್ನಡಿಯಿಂದ ಮುರಿದ ಮುಖಗಳನ್ನು ತೋರಿಸಿದಳು. ಸುಲಭವಾಗಿ ಮುರಿದ ಪಟ್ಟಿಯ ಮುಖದಲ್ಲಿ ನಾರುಗಳು ಕಿತ್ತು ಬಂದ ಸಣ್ಣ ಸಣ್ಣ ಕುಳಿಗಳಿದ್ದವು. ಕಿತ್ತುಬಂದ ನಾರುಗಳ ಮೈಯಲ್ಲಿ ಪ್ಲಾಸ್ಟಿಕ್ಕಿನ ಅಂಶವೇ ಇರಲಿಲ್ಲ. ಇನ್ನೊಂದರಲ್ಲಿ ನಾರುಗಳು ಕಿತ್ತು ಬಂದಿರಲಿಲ್ಲ, ಇದ್ದಲ್ಲಿಯೇ ತುಂಡಾಗಿದ್ದವು. ಎರಡರಲ್ಲೂ ಇದ್ದದ್ದು ಒಂದೇ ಸಿಪ್ಪೆ, ಒಂದೇ ಪ್ರಮಾಣ. ಮೊದಲನೆಯದರಲ್ಲಿ ಸಿಪ್ಪೆಯನ್ನು ಹಾಗೆಯೇ ಬೆರೆಸಲಾಗಿತ್ತು, ಎರಡನೆಯದರಲ್ಲಿ ಸಂಸ್ಕರಿಸಿ ಬೆರೆಸಲಾಗಿತ್ತು.

ನಾನು ಹೇಳಬೇಕೆಂದಿರುವ ಅಭಿಪ್ರಾಯವೆಲ್ಲ ಆ ಎರಡು ಮುಖಗಳಲ್ಲಿದೆ. "ಕಸದಿಂದ ರಸ" ಎಂದು ನಾವು ಭಾಷಣಗಳಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಕಸ ತಾನಾಗಿ ರಸವಾಗುವುದಿಲ್ಲ. ಅದಕ್ಕೆ ಶುದ್ಧಿ ಬೇಕು, ಶ್ರಮ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ತಿಳಿವಳಿಕೆ ಬೇಕು.

ಈ ವಿದ್ಯೆ ಹೊಸದೇನೂ ಅಲ್ಲ. ಮಣ್ಣಿನ ಗೋಡೆ ಬಿರುಕು ಬಿಡದಿರಲೆಂದು ಬೈಹುಲ್ಲನ್ನೋ ಉಮಿಯನ್ನೋ ಕಲಸಿ ಮೆಟ್ಟಿದ ನಮ್ಮ ಹಿರಿಯರು ಇದನ್ನೇ ಮಾಡಿದರು. ಆಧುನಿಕ ಪ್ಲಾಸ್ಟಿಕ್ಕಿನ ಜನ್ಮವೂ ಸಸ್ಯದ ಹುಡಿಯ ಸಹಾಯದಿಂದಲೇ ಆಯಿತೆಂಬುದು ಅನೇಕರಿಗೆ ತಿಳಿದಿರಲಾರದು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞರು 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಬೇಕಲೈಟ್ ಎಂಬ ರಾಳವನ್ನು ತಯಾರಿಸಿ 1909ರಲ್ಲಿ ಅದನ್ನು ಪ್ರಕಟಿಸಿದರು. ಆ ರಾಳ ಒಂದೇ ಇದ್ದರೆ ಪೆಡಸು, ಪೆಟ್ಟಿಗೆ ಸೀಳುತ್ತದೆ. ಅದಕ್ಕೆ ಮರದ ನಯವಾದ ಹುಡಿಯನ್ನು ಬೆರೆಸಿದಾಗ ಪೆಟ್ಟನ್ನು ತಾಳಿಕೊಳ್ಳುವ, ಅಚ್ಚಿಗೆ ಒಗ್ಗುವ ವಸ್ತು ದೊರೆಯಿತು. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿದ್ದ ಕಪ್ಪು ಸ್ವಿಚ್ಚುಗಳನ್ನು ನೆನಪಿಸಿಕೊಳ್ಳಿ. ಅವುಗಳ ಒಡಲಿನಲ್ಲಿ ಮರದ ಹುಡಿಯಿತ್ತು. ಇಂತಹ ಅಚ್ಚಿನ ವಸ್ತುಗಳಿಗೆ ತೆಂಗಿನ ಗೆರಟೆಯ ಹುಡಿಯೂ ಬಳಕೆಯಾಗುತ್ತ ಬಂದಿದೆ.

ಇನ್ನೊಂದು ಉದಾಹರಣೆ ಜರ್ಮನಿಯದು. ಎರಡನೆಯ ಮಹಾಯುದ್ಧದ ಅನಂತರ ಉಕ್ಕಿನ ಅಭಾವದಲ್ಲಿದ್ದ ಪೂರ್ವ ಜರ್ಮನಿಯವರು ಸೋವಿಯತ್ ದೇಶದಿಂದ ಬಂದ ಹತ್ತಿಯ ತ್ಯಾಜ್ಯವನ್ನು ಫೀನಾಲ್ ರಾಳದೊಂದಿಗೆ ಸೇರಿಸಿ ಒತ್ತಿ ಮೋಟಾರು ಕಾರಿನ ಹೊರಮೈಯನ್ನೇ ತಯಾರಿಸಿದರು. ಟ್ರಾಬಾಂಟ್ ಎಂಬ ಆ ಕಾರು 1957ರಿಂದ 1991ರವರೆಗೆ ಸುಮಾರು 30 ಲಕ್ಷ ಸಂಖ್ಯೆಯಲ್ಲಿ ತಯಾರಾಯಿತು. ಅದರ ಮೈ ತುಕ್ಕು ಹಿಡಿಯುತ್ತಿರಲಿಲ್ಲ. ಆದರೆ ಕಾರು ಹಳತಾದಾಗ ಆ ಮೈಯನ್ನು ಏನು ಮಾಡುವುದೆಂಬ ಸಮಸ್ಯೆ ಎದ್ದಿತು. ಬೆಲ್ಲವನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಅಚ್ಚು ಹೊಯ್ಯಬಹುದು. ಸುಟ್ಟ ಹಂಚನ್ನು ಮತ್ತೆ ಮಣ್ಣು ಮಾಡಲಾಗದು. ಪಾಲಿಪ್ರೊಪಿಲೀನ್ ಬೆಲ್ಲದ ಜಾತಿ, ಫೀನಾಲ್ ರಾಳ ಹಂಚಿನ ಜಾತಿ. ಈ ಪಾಠವನ್ನು ಮುಂದೆ ಪುನಃ ನೆನಪಿಸುತ್ತೇನೆ.

ಸಿಪ್ಪೆಯ ಹುಡಿ ಪ್ಲಾಸ್ಟಿಕ್ಕಿಗೆ ಬಲ ಕೊಡುವುದು ಹೇಗೆ? ನನಗೆ ಅರ್ಥವಾದಷ್ಟನ್ನು ಸರಳವಾಗಿ ಹೇಳುತ್ತೇನೆ. ಮೆದುವಾದ ಪ್ಲಾಸ್ಟಿಕ್ಕಿನೊಳಗೆ ಗಡಸಾದ ಕಣಗಳು ಹರಡಿಕೊಂಡಾಗ ಅದು ಸುಲಭವಾಗಿ ಬಾಗುವುದಿಲ್ಲ, ತಣಿಯುವಾಗ ಕುಗ್ಗುವುದೂ ಕಡಿಮೆ. ನಾರು ಉದ್ದವಿದ್ದರೆ ಎಳೆತದ ಭಾರವನ್ನೂ ಹೊರುತ್ತದೆ. ಇದೇ ಕೆಲಸಕ್ಕೆ ಗಾಜಿನ ನಾರನ್ನು ಬಳಸುವುದುಂಟು. ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು. ಸಸ್ಯದ ನಾರಿನದು ಹೆಚ್ಚೆಂದರೆ ಒಂದೂವರೆ ಪಟ್ಟು. ಆದ್ದರಿಂದ ಸಸ್ಯದ ನಾರಿನ ವಸ್ತು ಹಗುರ. ಬಲದಲ್ಲಿ ಅದು ಗಾಜಿಗೆ ಸಮನಾಗುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನೂರಕ್ಕೆ 30 ಅಥವಾ 40 ಪಾಲು ಹುಡಿ ಸೇರಿಸಿದರೆ ಅಷ್ಟು ಪ್ಲಾಸ್ಟಿಕ್ ಉಳಿಯುತ್ತದೆ. ಮಿತಿಮೀರಿದರೆ ವಸ್ತು ಗಡಸಾದರೂ ಪೆಟ್ಟಿಗೆ ಒಡೆಯುತ್ತದೆ.

ಸಮಸ್ಯೆಯಿರುವುದು ಇವೆರಡರ ಸ್ವಭಾವದಲ್ಲಿ. ಸಿಪ್ಪೆ ನೀರನ್ನು ಹೀರುವ ವಸ್ತು. ಪ್ಲಾಸ್ಟಿಕ್ ನೀರನ್ನು ದೂರವಿಡುವ ವಸ್ತು. ಒಟ್ಟಿಗಿಟ್ಟರೂ ಒಂದನ್ನೊಂದು ಅಂಟಿಕೊಳ್ಳುವುದಿಲ್ಲ. ಆದ್ದರಿಂದ ಸಿಪ್ಪೆಯ ನಾರನ್ನು ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಒಣಗಿಸುತ್ತಾರೆ. ಇದರಿಂದ ಮೈಮೇಲಿನ ಮೇಣದಂತಹ ಅಂಶ ಹೋಗಿ ನಾರು ತರಿತರಿಯಾಗುತ್ತದೆ. ಎಣ್ಣೆ ತಾಗಿದ ಗೋಡೆಗೆ ಸುಣ್ಣ ಹಿಡಿಯದೆಂಬುದನ್ನು ಬಲ್ಲವರಿಗೆ ಇದು ಹೊಸತಲ್ಲ. ಜತೆಗೆ ಪಾಲಿಪ್ರೊಪಿಲೀನಿಗೆ ಮಾಲಿಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು, ಮಾವಿನ ಗಿಡಕ್ಕೆ ಕಸಿ ಕಟ್ಟುವಂತೆ, ಸೇರಿಸಿದ ಒಂದು ದ್ರವ್ಯವನ್ನು ಸ್ವಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಅದರ ಒಂದು ಕೈ ಸಿಪ್ಪೆಯ ಸೆಲ್ಯುಲೋಸನ್ನು ಹಿಡಿಯುತ್ತದೆ, ಇನ್ನೊಂದು ಕೈ ಪ್ಲಾಸ್ಟಿಕ್ಕನ್ನು ಹಿಡಿಯುತ್ತದೆ. ನಾನು ನೋಡಿದ ಎರಡನೆಯ ಪಟ್ಟಿಯ ರಹಸ್ಯ ಇದೇ.

ಇನ್ನೂ ಎರಡು ಎಚ್ಚರಿಕೆಗಳಿವೆ. ಸಸ್ಯದ ವಸ್ತು ಸುಮಾರು 200 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕರಿಕಾಗತೊಡಗುತ್ತದೆ. ಆದುದರಿಂದ ಅದಕ್ಕಿಂತ ಕಡಿಮೆ ಬಿಸಿಗೆ ಕರಗುವ ಪ್ಲಾಸ್ಟಿಕ್ಕುಗಳೊಂದಿಗೆ ಮಾತ್ರ ಇದರ ಸಂಸಾರ ಸಾಗೀತು. ಎರಡನೆಯದು ತೇವ. ಹುಡಿಯಲ್ಲಿ ತೇವ ಉಳಿದರೆ ಬಿಸಿಗೆ ಅದು ಹಬೆಯಾಗಿ ವಸ್ತುವಿನೊಳಗೆ ಗುಳ್ಳೆಗಳಾಗುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಸಿಪ್ಪೆಯನ್ನು ಒಣಗಿಸಿ ಕಾಪಾಡುವುದೇ ಅರ್ಧ ಕೆಲಸ. ಅಂಗಳದಲ್ಲಿ ಅಡಿಕೆಯನ್ನು ತಿಂಗಳಿಗೂ ಮಿಕ್ಕಿ ಒಣಗಿಸುವ ನಮ್ಮ ಹೆಂಗಸರಿಗೆ ಆ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಊರಿನಷ್ಟು ಇಂತಹ ವಸ್ತುಗಳ ಸಂಪತ್ತು ಇರುವ ಊರುಗಳು ಹೆಚ್ಚಿಲ್ಲ. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಸಿಪ್ಪೆ. ತೆಂಗಿನ ಗೆರಟೆಯ ಗಡಸುತನವನ್ನು ಹೇಳಬೇಕಾಗಿಲ್ಲ. ಭತ್ತದ ತೂಕದಲ್ಲಿ ಐದನೆಯ ಒಂದು ಪಾಲು ಉಮಿ. ಅದರಲ್ಲಿ ಸಿಲಿಕಾ ತುಂಬಿದೆ. ಉಮಿಯ ಕರಿಯಿಂದ ಹಲ್ಲುಜ್ಜಿದ ನಮ್ಮ ತಲೆಮಾರಿನವರಿಗೆ ಅದರ ಉಜ್ಜುವ ಗುಣ ಗೊತ್ತು. ಯಂತ್ರದ ಉಕ್ಕನ್ನು ಸವೆಸುವುದೂ ಅದೇ ಗುಣ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಿಂದಿನವರು ದೋಣಿಗೆ, ಮರಕ್ಕೆ ಬಳಿಯುತ್ತಿದ್ದರು. ಆ ಎಣ್ಣೆ ಫೀನಾಲಿನ ಜಾತಿಗೆ ಸೇರಿದುದರಿಂದ ಅದರಿಂದಲೂ ರಾಳ ತಯಾರಾಗುತ್ತದೆ. ವಾಹನಗಳ ಬ್ರೇಕಿನ ಪಟ್ಟಿಗಳಲ್ಲಿ ಅದು ಬಳಕೆಯಲ್ಲಿದೆ. ಅಂದರೆ ಹುಡಿ ಮಾತ್ರವಲ್ಲ, ಹುಡಿಯನ್ನು ಹಿಡಿದಿಡುವ ರಾಳವೂ ನಮ್ಮ ಗುಡ್ಡದಲ್ಲಿಯೇ ಇದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕೇಂದ್ರವೂ ನಮ್ಮ ಕಾಸರಗೋಡಿನಲ್ಲಿಯೇ ಇದೆ ಎಂಬುದನ್ನು ಮಕ್ಕಳಿಗೆ ನೆನಪಿಸಬೇಕು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ನಾವು ಪದೇ ಪದೇ ಸಾಕ್ಷಿಗಳಾಗುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ, ಇದರ ಹೆಸರಿನಲ್ಲಿ ನಡೆಯುವ ಅತಿಶಯೋಕ್ತಿಯನ್ನು ಖಂಡಿಸುವುದೂ ನನ್ನ ಕರ್ತವ್ಯ. ಸಿಪ್ಪೆ ಬೆರೆತ ಪ್ಲಾಸ್ಟಿಕ್ಕನ್ನು ಪರಿಸರಸ್ನೇಹಿ, ಮಣ್ಣಿನಲ್ಲಿ ಕರಗುತ್ತದೆ ಎಂದು ಹೇಳಿ ಮಾರುವವರಿದ್ದಾರೆ. ಸಿಪ್ಪೆ ಕರಗೀತು, ಪಾಲಿಪ್ರೊಪಿಲೀನ್ ಕರಗದು. ಎರಡನ್ನೂ ಬೆರೆಸಿ ಎಸೆದರೆ ಪ್ಲಾಸ್ಟಿಕ್ಕಿನ ಚೂರುಗಳನ್ನು ನಾವೇ ತೋಟಕ್ಕೆ ಹರಡಿದಂತಾಗುತ್ತದೆ. ಟ್ರಾಬಾಂಟ್ ಕಾರಿನ ಪಾಠ ಇದೇ: ಒಂದು ವಸ್ತುವನ್ನು ಮಾಡುವಾಗಲೇ ಅದರ ಮುದಿತನವನ್ನು ಯೋಚಿಸಬೇಕು. ಆದ್ದರಿಂದ ಇಂತಹ ವಸ್ತುವಿನಿಂದ ಬಹುಕಾಲ ಬಾಳುವ ಸಾಮಾನುಗಳನ್ನು ಮಾತ್ರ ಮಾಡಬೇಕು. ಬೆಂಚು, ಹಲಗೆ, ಬಾಗಿಲಿನ ಚೌಕಟ್ಟು, ಯಂತ್ರದ ಕವಚ ಹೀಗೆ, ಮರಕ್ಕೆ ಬದಲಾಗಿ. ಒಂದು ಊಟಕ್ಕೆ ಬಳಸಿ ಎಸೆಯುವ ತಟ್ಟೆಗೆ ಅಡಿಕೆಯ ಹಾಳೆಯೇ ಇದೆ. ಅದಕ್ಕೆ ಯಾವ ಪ್ಲಾಸ್ಟಿಕ್ಕೂ ಬೇಡ.

ನನ್ನ ನೆರೆಯ ಹಿರಿಯ ಕೃಷಿಕರೊಬ್ಬರು ಇದನ್ನೆಲ್ಲ ಕೇಳಿ, "ಮಾಷ್ಟ್ರೇ, ಸಿಪ್ಪೆ ಮರದಿಂದ ಬಂದದ್ದು, ಮರದ ಬುಡಕ್ಕೇ ಹೋಗಬೇಕು" ಎಂದರು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಮಣ್ಣಿನ ಪಾಲು ಮೊದಲನೆಯದು. ಗೊಬ್ಬರವಾಗಿ ಬುಡಕ್ಕೆ ಸೇರುವ ಸಿಪ್ಪೆ ವ್ಯರ್ಥವಲ್ಲ, ಬಚ್ಚಲೊಲೆಯಲ್ಲಿ ಉರಿದದ್ದೂ ಪೂರ್ಣ ವ್ಯರ್ಥವಲ್ಲ. ಬಯಲಲ್ಲಿ ಸುಮ್ಮನೆ ಹೊಗೆಯಾಡಿ ಹೋಗುವುದರ ಕುರಿತು ಮಾತ್ರ ನನ್ನ ಮಾತು. ಇನ್ನೂ ಒಂದು ಹೇಳಬೇಕು. ನಾರನ್ನು ತೊಳೆದ ಕಾಸ್ಟಿಕ್ ನೀರನ್ನು ಶುದ್ಧಮಾಡದೆ ತೋಡಿಗೆ ಬಿಟ್ಟರೆ, ಹುಡಿಮಾಡುವವರ ಶ್ವಾಸಕೋಶವನ್ನು ಲಕ್ಷಿಸದೆ ಯಂತ್ರ ನಡೆಸಿದರೆ, ಆ ಉದ್ಯಮ ಊರಿಗೆ ಬೇಡ. ಸುರಂಗದ ನೀರನ್ನು ಕುಡಿಯುವ ಜನ ನಾವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬಂತೆ, ಸಿಪ್ಪೆಯ ಲಾಭಕ್ಕೆ ಕೆಟ್ಟ ನೀರು ಯಾವ ಹಣಕ್ಕೂ ಮರಳಿ ಬಾರದು.

ಇದನ್ನು ಯಾರು ಮಾಡಬೇಕು? ಹೊರಗಿನ ವ್ಯಾಪಾರಿ ಬಂದು ಸಿಪ್ಪೆಯನ್ನು ಮಣಲೆಕ್ಕದಲ್ಲಿ ಅಗ್ಗಕ್ಕೆ ಕೊಂಡೊಯ್ದು, ಅದೇ ಸಿಪ್ಪೆ ಹಲಗೆಯಾಗಿ ನಮಗೇ ದುಬಾರಿಗೆ ಮರಳುವುದಾದರೆ ನಮಗಾಗುವ ಪ್ರಯೋಜನವೇನು? 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಸಂಸ್ಥೆ ಹುಟ್ಟಿತು. ಕರ್ನಾಟಕ ಮತ್ತು ಕೇರಳದ ಬೆಳೆಗಾರರು ರಾಜ್ಯದ ಗಡಿಯನ್ನು ಲೆಕ್ಕಿಸದೆ ಕಟ್ಟಿಕೊಂಡ ಸಹಕಾರ ಅದು. ಮುಂದೆ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೂ ಕಟ್ಟಿತು. ಕೊಕ್ಕೋ ಬೀಜವನ್ನು ಚಾಕಲೇಟು ಮಾಡಬಲ್ಲ ಬೆಳೆಗಾರರಿಗೆ ಸಿಪ್ಪೆಯನ್ನು ಒಣಗಿಸಿ, ಜರಡಿ ಹಿಡಿದು, ಹದವಾದ ಹುಡಿಮಾಡಿ ಮಾರುವುದು ಅಸಾಧ್ಯವೆಂದು ನಾನು ನಂಬುವುದಿಲ್ಲ. ಜಾಹೀರಾತನ್ನು ನೋಡಿ ಸಾಲ ಮಾಡಿ ಯಂತ್ರ ತರಬೇಡಿ. ಹತ್ತು ಮನೆಯವರು ಕೂಡಿ, ತಿಳಿದವರನ್ನು ಕೇಳಿ, ಸಣ್ಣದಾಗಿ ಆರಂಭಿಸಿ ಎಂಬುದು ನನ್ನ ವಿನಮ್ರ ಸಲಹೆ.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ಅಂದು ಪಟ್ಟಿಗಳನ್ನು ತೋರಿಸುತ್ತ ನನ್ನ ವಿದ್ಯಾರ್ಥಿನಿ ಅರಿವಿಲ್ಲದೆಯೇ ಇಂಗ್ಲಿಷಿಗೆ ಹೊರಳಿದಳು. "ಕನ್ನಡದಲ್ಲಿ ಹೇಳು ಮಗಳೇ" ಎಂದೆ. ಅವಳು ತಡವರಿಸಿದಳು. "ಅಮ್ಮನೂ ಹೀಗೆಯೇ ಕೇಳುತ್ತಾರೆ ಮಾಷ್ಟ್ರೇ, ನೀನು ಅಲ್ಲಿ ಏನು ಮಾಡುತ್ತೀಯೆಂದು. ಪ್ಲಾಸ್ಟಿಕ್ಕಿನ ಕೆಲಸ ಎಂದಷ್ಟೇ ಹೇಳುತ್ತೇನೆ" ಎಂದಳು. ಆ ಅಮ್ಮ ಐವತ್ತು ವರ್ಷಗಳಿಂದ ಅಡಿಕೆ ಸುಲಿದವರು. ಸಿಪ್ಪೆಯ ಗುಣ, ಅದರ ಹದ, ಅದು ಯಾವಾಗ ಕೊಳೆಯುತ್ತದೆ, ಯಾವಾಗ ಗರಿಗರಿಯಾಗುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಮಗಳಿಗೆ ಶಾಸ್ತ್ರ ಗೊತ್ತು, ತಾಯಿಗೆ ಸಿಪ್ಪೆ ಗೊತ್ತು, ನಡುವೆ ಮಾತಿಲ್ಲ.

ಆ ಸಂಜೆ ನಾವಿಬ್ಬರೂ ಕುಳಿತು ಪದಗಳನ್ನು ಹುಡುಕಿದೆವು. ಎರಡು ವಸ್ತುಗಳು ತಮ್ಮ ತಮ್ಮ ರೂಪವನ್ನು ಉಳಿಸಿಕೊಂಡು ಕೂಡಿದ ವಸ್ತುವಿಗೆ 'ಸಂಯುಕ್ತ' ಎನ್ನುವಂತಿಲ್ಲ. ಪಾಠಪುಸ್ತಕದಲ್ಲಿ ಅದು ರಾಸಾಯನಿಕ ಸಂಯುಕ್ತಕ್ಕೆ ಮೀಸಲಾಗಿದೆ. 'ಸಂಯೋಜಿತ ವಸ್ತು' ಎಂದೆವು. ಎರಡನ್ನೂ ಹಿಡಿದಿಡುವ ಆ ದ್ರವ್ಯಕ್ಕೆ ಅವಳು ನಗುತ್ತ 'ದಲ್ಲಾಳಿ' ಎಂದಳು. ನಾನು 'ಮಧ್ಯಸ್ಥ' ಎಂದು ತಿದ್ದಿದೆ. ಇದು ದೊಡ್ಡ ಸಾಧನೆಯೇನಲ್ಲ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರಂತಹವರು ಕನ್ನಡದಲ್ಲಿ 'ವಿಜ್ಞಾನ' ಪತ್ರಿಕೆಯನ್ನು ನಡೆಸಿದರು. ನಮ್ಮ ನೆರೆಯ ಶಿವರಾಮ ಕಾರಂತರು ಏಕಾಂಗಿಯಾಗಿ 'ಬಾಲ ಪ್ರಪಂಚ'ವನ್ನೂ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ದಾರಿ ಹಾಕಿಕೊಟ್ಟವರಿದ್ದಾರೆ, ನಡೆಯುವವರು ಬೇಕಾಗಿದ್ದಾರೆ.

ಕನ್ನಡದಲ್ಲಿ ಓದಿದರೆ ವಿಜ್ಞಾನ ಬಾರದೆಂದು ಹೇಳಿ ಮಕ್ಕಳನ್ನು ನಮ್ಮ ಶಾಲೆಯಿಂದ ಬಿಡಿಸುವ ಹೆತ್ತವರೊಂದಿಗೆ ನಾನು ಜಗಳವಾಡುವುದಿಲ್ಲ. ಭಾಷಣದಿಂದ ಅವರ ಮನಸ್ಸು ತಿರುಗದು, ಕಣ್ಣೆದುರು ತೋರಿಸಬೇಕು. ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಗೊಂದು ಭವ್ಯವಾದ ಮಹಾದ್ವಾರವನ್ನು ಕಟ್ಟಿಸಬೇಕೆಂಬ ಯೋಚನೆ ಹಳೆ ವಿದ್ಯಾರ್ಥಿ ಮಿತ್ರರಲ್ಲಿದೆ. ಅವರ ಅಭಿಮಾನಕ್ಕೆ ನನ್ನ ನಮಸ್ಕಾರವಿದೆ. ಆದರೆ ಮಹಾದ್ವಾರದಿಂದ ಒಳಬರಲು ಮಕ್ಕಳು ಬೇಕಲ್ಲವೇ? ಆ ಹಣದಲ್ಲಿ ಒಂದು ಪ್ರಯೋಗ ಕೋಣೆಯಾಗಲಿ. ಒಂದು ಕೈಬೀಸು, ನಾಲ್ಕು ಜರಡಿ, ಒಂದು ತಕ್ಕಡಿ, ಹತ್ತು ಭೂತಗನ್ನಡಿ ಸಾಕು. ಮಕ್ಕಳು ಮನೆಯಿಂದ ಗೆರಟೆ, ಸಿಪ್ಪೆ, ಉಮಿಗಳನ್ನು ತರಲಿ. ಹುಡಿಮಾಡಿ, ಮರದ ಅಂಟಿನಲ್ಲಿ ಕಲಸಿ, ಪಟ್ಟಿಗಳನ್ನು ಒತ್ತಿ ಒಣಗಿಸಲಿ. ಒದ್ದೆ ಹುಡಿಯದು ಹೇಗೆ, ಒಣ ಹುಡಿಯದು ಹೇಗೆ, ತೂಕ ನೇತುಹಾಕಿದರೆ ಯಾವುದು ಮೊದಲು ಮುರಿಯಿತು, ಮುರಿದ ಮುಖ ಹೇಗಿದೆ ಎಂದು ನೋಡಿ ಕನ್ನಡದಲ್ಲಿ ಬರೆದಿಡಲಿ. ಆ ಪುಸ್ತಕವನ್ನು ಮನೆಗೆ ಕೊಂಡೊಯ್ದು ಅಜ್ಜಿಗೆ ಓದಿ ಹೇಳಲಿ. ಸಿಪ್ಪೆಗೂ ಶಾಸ್ತ್ರಕ್ಕೂ ನಡುವೆ ಮಧ್ಯಸ್ಥನ ಕೆಲಸವನ್ನು ಈ ಗಡಿನಾಡಿನಲ್ಲಿ ಕನ್ನಡ ಶಾಲೆಯಲ್ಲದೆ ಬೇರೆ ಯಾರು ಮಾಡಬಲ್ಲರು?

ಮಗುವೊಂದು ಮುಂದೆ ಎಂದಾದರೂ ಸಿಪ್ಪೆಯನ್ನು ಸುಟ್ಟರೆ ಏನು ಸಿಗುತ್ತದೆಂದು ಕೇಳಿದಾಗ, ನಮ್ಮ ಅಧ್ಯಾಪಕರು "ಬಾ, ನೋಡೋಣ" ಎನ್ನುವಂತಾಗಬೇಕು. ನಾನು ಅಂದು ಹೇಳಬೇಕಾಗಿದ್ದ ಉತ್ತರ ಅದಾಗಿತ್ತು. ಮುರಿದ ಆ ಎರಡು ಪಟ್ಟಿಗಳ ನಾಲ್ಕು ತುಂಡುಗಳು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿವೆ. ಪ್ರಯೋಗ ಕೋಣೆ ಸಿದ್ಧವಾದ ದಿನ ಅವನ್ನು ಶಾಲೆಗೆ ಒಪ್ಪಿಸುತ್ತೇನೆ. ಭೂತಗನ್ನಡಿಯನ್ನೂ ಕೊಡುತ್ತೇನೆ.